ರಾಜ್ಯ ಒಪ್ಪಿದ ಗಾಂಜಾ, ಫೆಡರಲ್ ಒಪ್ಪದ ಗಾಂಜಾ: ಅಮೆರಿಕದಲ್ಲಿ ವೀಸಾ, ಗ್ರೀನ್ ಕಾರ್ಡ್ ಮೇಲಿರುವವರಿಗೆ ಯಾವ ಕಾನೂನು?

ಬೇಏರಿಯಾ_ಬೆಳಗು

ಕ್ಯಾಲಿಫೋರ್ನಿಯಾದಲ್ಲಿ 21 ವರ್ಷ ತುಂಬಿದ ಯಾರು ಬೇಕಾದರೂ ಅಂಗಡಿಗೆ ಹೋಗಿ ಗಾಂಜಾ ಕೊಳ್ಳಬಹುದು ಅಂತಾರೆ. ಎಚ್‌-1ಬಿ ಉದ್ಯೋಗ ವೀಸಾ, ಎಫ್‌-1 ವಿದ್ಯಾರ್ಥಿ ವೀಸಾ, ಗ್ರೀನ್ ಕಾರ್ಡ್‌ನವರಿಗೂ ಅದೇ ನಿಯಮವಾ? ಬೆನ್ನುನೋವಿಗೆ, ನಿದ್ದೆಗೆ ಅಂತ ವೈದ್ಯಕೀಯ ಕಾರ್ಡ್ ಮಾಡಿಸಿದರೆ ಇನ್ನಷ್ಟು ಸುರಕ್ಷಿತವಾ? ನ್ಯೂಜೆರ್ಸಿಗೋ ಟೆಕ್ಸಸ್‌ಗೋ ಹೋದರೆ ಏನು ಬದಲಾಗುತ್ತೆ? ತಿಳಿದವರು ಗ್ರಾಂ ಲೆಕ್ಕದ ಸಮೇತ ಹೇಳಿ. "ಏನೂ ಆಗಲ್ಲ ಬಿಡಿ" ಅನ್ನೋ ಉತ್ತರ ಬೇಡ.

ಕಾನೂನುಕಟ್ಟೆ

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಅಲ್ಲಿ ಒಂದೇ ನೆಲದ ಮೇಲೆ ಎರಡು ಕಾನೂನು ಚಾಲ್ತಿಯಲ್ಲಿವೆ. 1970ರ ನಿಯಂತ್ರಿತ ಪದಾರ್ಥಗಳ ಕಾಯ್ದೆ ಇಡೀ ದೇಶದ್ದು, ಅಂದರೆ ಫೆಡರಲ್ (ಕೇಂದ್ರ ಸರ್ಕಾರದ್ದು), ಅದು ಬಂದಾಗಲೇ ಗಾಂಜಾವನ್ನು ಅತಿ ಕಟ್ಟುನಿಟ್ಟಿನ 1ನೇ ಪಟ್ಟಿಗೆ ಸೇರಿಸಿತು. ರಾಜ್ಯಗಳು ಹೇಳಿರುವುದು ಇಷ್ಟೇ: ಇಂತಿಷ್ಟು ಪ್ರಮಾಣಕ್ಕೆ ನಮ್ಮ ಪೊಲೀಸರು ಹಿಡಿಯುವುದಿಲ್ಲ, ನಮ್ಮ ಕೋರ್ಟು ಶಿಕ್ಷೆ ಕೊಡುವುದಿಲ್ಲ. ಫೆಡರಲ್ ಕಾಯ್ದೆಯನ್ನು ರದ್ದು ಮಾಡುವ ಅಧಿಕಾರ ರಾಜ್ಯಗಳಿಗಿಲ್ಲ. ಮನೆಯಲ್ಲೇ ಬೆಳೆದು ಔಷಧಿಯಾಗಿ ಮನೆಯಲ್ಲೇ ಬಳಸಿದ ಗಾಂಜಾಕ್ಕೂ ಫೆಡರಲ್ ಕಾಯ್ದೆ ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು. ಆ ಪ್ರಕರಣ ಕ್ಯಾಲಿಫೋರ್ನಿಯಾದ ರೋಗಿಗಳದ್ದೇ.

ಈಗ ನಿಮ್ಮ ರಾಜ್ಯದ ಲೆಕ್ಕ. ವೈದ್ಯಕೀಯ ಬಳಕೆಗೆ ಮೊದಲು ಒಪ್ಪಿಗೆ ಕೊಟ್ಟ ರಾಜ್ಯವೇ ಕ್ಯಾಲಿಫೋರ್ನಿಯಾ, 1996ರ ಪ್ರೊಪೊಸಿಷನ್ (ಜನರೇ ಮತ ಹಾಕಿ ತರುವ ಕಾನೂನು) 215ರ ಮೂಲಕ. ವಯಸ್ಕರ ಬಳಕೆಗೆ 2016ರ ನವೆಂಬರ್‌ನಲ್ಲಿ ಪ್ರೊಪೊಸಿಷನ್ 64 ಬಂತು, ಅಂಗಡಿ ಮಾರಾಟ ಶುರುವಾದದ್ದು 2018ರ ಜನವರಿ 1ಕ್ಕೆ. 21 ತುಂಬಿದವರು ಹೂವಿನ ರೂಪದಲ್ಲಿ 28.5 ಗ್ರಾಂ, ಸಾಂದ್ರೀಕೃತ ರೂಪದಲ್ಲಿ (ವೇಪ್ ಅಂದರೆ ಇ-ಸಿಗರೇಟಿನ ಎಣ್ಣೆ, ಮೇಣದಂಥ ಪದಾರ್ಥ) 8 ಗ್ರಾಂ ಇಟ್ಟುಕೊಳ್ಳಬಹುದು. ಮನೆಗೆ 6 ಗಿಡ. ಮನೆಗೆ ಅಂದರೆ ಮನೆಗೇ, ಒಳಗೆ ನಾಲ್ಕು ಜನ ರೂಮ್‌ಮೇಟ್‌ಗಳಿದ್ದರೆ 24 ಅಲ್ಲ. ಬೀದಿಯಲ್ಲಿ, ಪಾರ್ಕಿನಲ್ಲಿ ಸೇದಿದರೆ 100 ಡಾಲರ್ ದಂಡ. ಕಾರಿನಲ್ಲಿ ಪೊಟ್ಟಣ ತೆರೆದಿದ್ದರೂ ದಂಡ ಬೀಳುತ್ತದೆ, ಹಾಗಾಗಿ ಸೀಲ್ ಒಡೆಯದೆ ಡಿಕ್ಕಿಯಲ್ಲಿ ಇಡಬೇಕು.

ಯೊಸೆಮಿಟಿಗೆ ಹೋದರೆ ಈ ಯಾವ ಲೆಕ್ಕವೂ ನಡೆಯಲ್ಲ. ರಾಷ್ಟ್ರೀಯ ಉದ್ಯಾನ ಫೆಡರಲ್ ಜಾಗ. ಗೇಟು ದಾಟಿದ ಮೇಲೆ ಅದೇ ಕಿಸೆಯಲ್ಲಿರುವ ಅದೇ 5 ಗ್ರಾಂ ಅಪರಾಧ, ಆರು ತಿಂಗಳ ತನಕ ಜೈಲು ಆಗಬಹುದು.

ಎಡಿಸನ್_ಎಲೆಮರೆ

ಕಟ್ಟೆ ಸರ್ ಹೇಳಿದ್ದಕ್ಕೆ ಪೂರ್ವ ತೀರದ್ದು ಸೇರಿಸುತ್ತೇನೆ. ನ್ಯೂಜೆರ್ಸಿಯಲ್ಲಿ ಕಾನೂನಿಗೆ ಸಹಿ ಬಿದ್ದದ್ದು 2021ರ ಫೆಬ್ರುವರಿಯಲ್ಲಿ, ವಯಸ್ಕರಿಗೆ ಮಾರಾಟ 2022ರ ಏಪ್ರಿಲ್ 21ರಿಂದ. 6 ಔನ್ಸ್ (ಒಂದು ಔನ್ಸ್ ಸುಮಾರು 28 ಗ್ರಾಂ) ತನಕ ಇಟ್ಟುಕೊಳ್ಳಬಹುದು, ಕ್ಯಾಲಿಫೋರ್ನಿಯಾಕ್ಕಿಂತ ಆರು ಪಟ್ಟು. ಆದರೆ ಮನೆಯಲ್ಲಿ ಒಂದೇ ಒಂದು ಗಿಡ ಬೆಳೆದರೂ ಅಪರಾಧ, ವೈದ್ಯಕೀಯ ಕಾರ್ಡ್ ಇರುವ ರೋಗಿಗೂ ವಿನಾಯಿತಿ ಇಲ್ಲ. ಹಡ್ಸನ್ ನದಿ ದಾಟಿದರೆ ನ್ಯೂಯಾರ್ಕ್. ಅಲ್ಲಿ ಹೂವು 3 ಔನ್ಸ್, ಸಾಂದ್ರ ರೂಪದಲ್ಲಿ 24 ಗ್ರಾಂ, ಗಿಡಕ್ಕೂ ಅನುಮತಿ: ಒಬ್ಬರಿಗೆ ಬಲಿತದ್ದು 3, ಎಳೆಯದು 3.

ಇಲ್ಲಿ ಎಷ್ಟೋ ಜನ ಎಡವುವುದು ನದಿ ದಾಟುವ ವಿಷಯದಲ್ಲೇ. ಎರಡೂ ಕಡೆ ಒಪ್ಪಿಗೆ ಇದೆಯಲ್ಲ, ಜೆರ್ಸಿಯಲ್ಲಿ ಕೊಂಡು ನ್ಯೂಯಾರ್ಕಿಗೆ ಒಯ್ದರೆ ಏನಾಯ್ತು ಅಂತ ಕೇಳ್ತಾರೆ. ರಾಜ್ಯದ ಗಡಿ ದಾಟಿಸುವುದು ಫೆಡರಲ್ ವಿಷಯ. ಗಡಿಯ ಎರಡೂ ಬದಿ ಒಪ್ಪಿದ್ದರೂ ದಾಟಿಸುವುದಕ್ಕೆ ಯಾರೂ ಒಪ್ಪಿಗೆ ಕೊಟ್ಟಿಲ್ಲ.

ಇಲಿನಾಯ್‌ನದು ಇನ್ನೊಂದು ಬಗೆ. ಅಲ್ಲಿ ನಿವಾಸಿಗೆ 30 ಗ್ರಾಂ ಹೂವು, 5 ಗ್ರಾಂ ಸಾಂದ್ರ, ತಿನಿಸಿನಲ್ಲಿ 500 ಮಿಲಿಗ್ರಾಂ ಟಿಎಚ್‌ಸಿ (ಗಾಂಜಾದಲ್ಲಿ ನಶೆ ಏರಿಸುವ ಅಂಶ). ಹೊರರಾಜ್ಯದವರಿಗೆ ಎಲ್ಲದರಲ್ಲೂ ಅರ್ಧ. ಶಿಕಾಗೋಗೆ ವಾರಾಂತ್ಯಕ್ಕೆ ಬಂದವರು 20 ಗ್ರಾಂ ಇಟ್ಟುಕೊಂಡರೆ ಮಿತಿ ಮೀರಿದಂತೆ, ಪಕ್ಕದಲ್ಲಿ ಕೂತ ಶಿಕಾಗೋ ಗೆಳೆಯ ಅಷ್ಟೇ ಇಟ್ಟುಕೊಂಡರೆ ತಪ್ಪಿಲ್ಲ. ಫ್ಲೋರಿಡಾದಲ್ಲಿ 2016ರಿಂದ ವೈದ್ಯಕೀಯಕ್ಕೆ ಮಾತ್ರ. 2024ರ ಮತದಾನದಲ್ಲಿ ವಯಸ್ಕರ ಬಳಕೆಗೆ ಅರ್ಧಕ್ಕಿಂತ ಹೆಚ್ಚು ಮತ ಬಿದ್ದರೂ ಬೇಕಿದ್ದ ಶೇ. 60 ಮುಟ್ಟಲಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಕೊಳ್ಳಬಹುದು, ವೈದ್ಯಕೀಯ ಕಾರಣ ಇಲ್ಲದಿದ್ದರೆ ಬೆಳೆಯುವಂತಿಲ್ಲ.

ಧಾರವಾಡ_ಟು_ಡಾಲಸ್

ಟೆಕ್ಸಸ್ ಬಗ್ಗೆ ನಾ ಬರೀತೀನ್ರಿ, ಯಾಕಂದ್ರ ಇದು ಭಾಳ ಮಂದಿಗೆ ಗೊತ್ತಿಲ್ಲ. ಇಲ್ಲಿ ವಯಸ್ಕರ ಬಳಕೆಗೆ ಒಪ್ಪಿಗಿ ಇಲ್ಲ. ಹೂವು 2 ಔನ್ಸ್ ಒಳಗಿದ್ರ ಕ್ಲಾಸ್ ಬಿ ಮಿಸ್‌ಡಿಮೀನರ್ (ಸಣ್ಣ ಅಪರಾಧ): 180 ದಿನದ ತನಕ ಜೈಲು, 2,000 ಡಾಲರ್ ತನಕ ದಂಡ. ಇದು ಹೂವಿನ ಮಾತಾತು.

ವೇಪ್ ಮತ್ತು ಗಮ್ಮಿ (ಟಿಎಚ್‌ಸಿ ಬೆರೆಸಿದ ಜೆಲ್ಲಿ ಮಿಠಾಯಿ) ಇದ್ರ ಕಥಿನೇ ಬ್ಯಾರೆ ನೋಡ್ರಿ. ಗಿಡದಿಂದ ತಗದ ಟಿಎಚ್‌ಸಿ ಇಲ್ಲಿ ಗಾಂಜಾ ಅಂತ ಲೆಕ್ಕಕ್ಕ ಬರಂಗಿಲ್ಲ, ಪೆನಾಲ್ಟಿ ಗ್ರೂಪ್ 2 ಅನ್ನೋ ಬ್ಯಾರೆ ಪಟ್ಟಿಯೊಳಗ ಐತಿ. ಅಲ್ಲಿ 1 ಗ್ರಾಂಗಿಂತ ಕಡಿಮಿ ಇದ್ರೂ ಫೆಲೊನಿ, ಅಂದ್ರ ಗಂಭೀರ ಅಪರಾಧ. ಅರ್ಧ ಗ್ರಾಮಿನ ಕಾರ್ಟ್ರಿಜ್ ಅಂದ್ರ 180 ದಿನದಿಂದ 2 ವರ್ಷ. 1 ಗ್ರಾಮಿನ ಕಾರ್ಟ್ರಿಜ್ ಇದ್ರ ಮುಂದಿನ ಮೆಟ್ಟಲಾ, 2ರಿಂದ 10 ವರ್ಷ. ಇನ್ನ ಗಮ್ಮಿ: ಕಾನೂನಿನ್ಯಾಗ ತೂಕ ಅಂದ್ರ ಬೆರಕಿ ಸಮೇತ ಒಟ್ಟು ತೂಕ. ಹತ್ತು ಗಮ್ಮಿ ಪಾಕೀಟಿನ್ಯಾಗ ಟಿಎಚ್‌ಸಿ ಬರೇ 100 ಮಿಲಿಗ್ರಾಂ ಇರ್ತೈತಿ, ಅಂದ್ರ ಗ್ರಾಮಿನ ಹತ್ತನೇ ಒಂದು ಪಾಲು. ಆದ್ರ ಒಂದೊಂದು ಗಮ್ಮಿ 4 ಗ್ರಾಂ ತೂಗಿದ್ರ ಸಕ್ರಿ, ಜೆಲಾಟಿನ್ ಎಲ್ಲಾ ಕೂಡಿ 40 ಗ್ರಾಂ. 4ರಿಂದ 400 ಗ್ರಾಂ ಸಾಲಿಗೆ ಬಂತು ಅದು, ಸೆಕೆಂಡ್ ಡಿಗ್ರಿ ಫೆಲೊನಿ, 2ರಿಂದ 20 ವರ್ಷ. ಡೆನ್ವರ್‌ನ್ಯಾಗ ಅಂಗಡಿಯಿಂದ ರಸೀದಿ ತೊಗೊಂಡು ಕೊಂಡ ಪಾಕೀಟು ಡಾಲಸ್‌ನ್ಯಾಗ ಹಿಂಗಾಕ್ಕೈತಿ. ರಸೀದಿ ತೋರ್ಸಿದ್ರ ಉಪಯೋಗ ಇಲ್ಲ.

ವೈದ್ಯಕೀಯ ಯೋಜನಾ 2015ರಿಂದ ಐತಿ, ಆದ್ರ ನೋಂದಾಯಿತ ಡಾಕ್ಟರ್ ಮೂಲಕ, ಕಡಿಮಿ ಟಿಎಚ್‌ಸಿ ಇರೋ ಉತ್ಪನ್ನಕ್ಕಷ್ಟ. ಬ್ಯಾರೆ ರಾಜ್ಯದ ಕಾರ್ಡ್ ಇಲ್ಲಿ ನಡ್ಯಂಗಿಲ್ಲ.

ಬೇಏರಿಯಾ_ಬೆಳಗು

ಧಾರವಾಡದಣ್ಣ, ಗಮ್ಮಿಯ ಒಟ್ಟು ತೂಕದ ಲೆಕ್ಕ ಗೊತ್ತೇ ಇರಲಿಲ್ಲ, ಬರೆದದ್ದಕ್ಕೆ ಧನ್ಯವಾದ. ಹಾಗಾದರೆ ಕ್ಯಾಲಿಫೋರ್ನಿಯಾ ಒಳಗೇ ಇದ್ದು ವೈದ್ಯಕೀಯ ಕಾರ್ಡ್ ಮಾಡಿಸಿದರೆ? ಡಾಕ್ಟರ್ ಚೀಟಿ ಇದ್ದರೆ ಅದು ಔಷಧಿ ತಾನೇ?

ಔಷಧಿಪೆಟ್ಟಿಗೆ

ಅದು ಚೀಟಿ ಅಲ್ಲ, ಶಿಫಾರಸು. ಈ ಎರಡು ಪದದ ನಡುವೆ ಬಹಳ ಅಂತರ ಇದೆ. ಡಾಕ್ಟರಿಗೆ ನಿಯಂತ್ರಿತ ಔಷಧಿ ಬರೆಯುವ ಪರವಾನಗಿ ಕೊಡುವುದು ಫೆಡರಲ್ ಸಂಸ್ಥೆ, ಗಾಂಜಾಕ್ಕೆ ಚೀಟಿ ಬರೆದರೆ ಅದು ಹೋಗುತ್ತದೆ. ರೋಗಿಗೆ ಇದು ಉಪಯೋಗ ಆಗಬಹುದು ಅಂತ ಅಭಿಪ್ರಾಯ ಹೇಳುವುದು ಮಾತ್ರ ವಾಕ್ ಸ್ವಾತಂತ್ರ್ಯ ಅಂತ ಫೆಡರಲ್ ಮೇಲ್ಮನವಿ ಕೋರ್ಟ್ 2002ರಲ್ಲಿ ಹೇಳಿತು, ಆ ಒಂದು ದಾರಿಯಲ್ಲಿ ಇಡೀ ವ್ಯವಸ್ಥೆ ನಡೆಯುತ್ತಿದೆ. ಆದ್ದರಿಂದಲೇ ಮಾಮೂಲಿ ಫಾರ್ಮಸಿಯಲ್ಲಿ ಇದು ಸಿಗಲ್ಲ, ಇನ್ಶೂರೆನ್ಸ್ ದುಡ್ಡು ಕೊಡಲ್ಲ. ಡಿಸ್ಪೆನ್ಸರಿಯಲ್ಲಿ, ಅಂದರೆ ಗಾಂಜಾ ಅಂಗಡಿಯಲ್ಲಿ, ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳದಿರುವುದಕ್ಕೂ ಮೂಲ ಕಾರಣ ಫೆಡರಲ್ ಕಾಯ್ದೆಯೇ.

ಶಿಫಾರಸು ಸಿಕ್ಕಮೇಲೆ ಕೌಂಟಿಯ ಆರೋಗ್ಯ ಇಲಾಖೆಯಲ್ಲಿ ಗುರುತಿನ ಚೀಟಿ ಮಾಡಿಸಬಹುದು, ಕಡ್ಡಾಯವೇನಲ್ಲ. ಶುಲ್ಕ 100 ಡಾಲರ್ ಮೀರುವಂತಿಲ್ಲ. ಅದರಿಂದ ಸಿಗುವುದು: 18 ತುಂಬಿದವರೂ ಕೊಳ್ಳಬಹುದು, ಹೂವು 8 ಔನ್ಸ್ ತನಕ ಇಟ್ಟುಕೊಳ್ಳಬಹುದು, ಮಾರಾಟ ತೆರಿಗೆ ಇಲ್ಲ. ಎಕ್ಸೈಸ್ ತೆರಿಗೆಗೆ ವಿನಾಯಿತಿ ಇಲ್ಲ. ಇಷ್ಟು ಲಾಭಕ್ಕೆ, ಪೌರತ್ವ ಇಲ್ಲದವರು, "ನಾನು ಇದನ್ನು ಬಳಸುತ್ತೇನೆ" ಅಂತ ಸಹಿ ಹಾಕಿದ ದಾಖಲೆಯನ್ನು ತಾವೇ ಹುಟ್ಟುಹಾಕಿದಂತೆ ಆಗುತ್ತದೆ. ನಿಮ್ಮ ಪರಿಸ್ಥಿತಿಯಲ್ಲಿ ಕಾರ್ಡ್ ರಕ್ಷಣೆ ಕೊಡುವುದಿಲ್ಲ, ಸಾಕ್ಷಿಯಾಗುತ್ತದೆ.

ಚೀಟಿ ಮೇಲೆ ಕಾನೂನುಬದ್ಧವಾಗಿ ಸಿಗುವ ಔಷಧಿಗಳು ಬೇರೆ ಇವೆ. ಅಪಸ್ಮಾರದ ಕೆಲವು ತೀವ್ರ ಬಗೆಗಳಿಗೆ ಎಪಿಡಿಯೊಲೆಕ್ಸ್ ಇದೆ, ಶುದ್ಧೀಕರಿಸಿದ ಸಿಬಿಡಿ (ಗಾಂಜಾ ಗಿಡದ, ನಶೆ ಏರಿಸದ ಅಂಶ), 2018ರ ಜೂನ್‌ನಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಫೆಡರಲ್ ಸಂಸ್ಥೆ ಎಫ್‌ಡಿಎ ಒಪ್ಪಿತು. ಕೀಮೋಥೆರಪಿಯ ವಾಂತಿಗೆ ಡ್ರೊನಾಬಿನಾಲ್ ಇದೆ, ಅದು ಪ್ರಯೋಗಾಲಯದಲ್ಲಿ ತಯಾರಿಸಿದ ಟಿಎಚ್‌ಸಿ. ಇವನ್ನು ಡಾಕ್ಟರ್ ಬರೆದುಕೊಟ್ಟು ಫಾರ್ಮಸಿಯಿಂದ ತಂದರೆ ಫೆಡರಲ್ ಕಾಯ್ದೆಗೂ ಸರಿ. ನಿಜಕ್ಕೂ ಕಾಯಿಲೆ ಇರುವವರು ಮೊದಲು ಇವುಗಳ ಬಗ್ಗೆ ಕೇಳಬೇಕು.

ಇನ್ನೊಂದು, ಮಕ್ಕಳಿರುವ ಮನೆಯವರು ದಯವಿಟ್ಟು ಓದಿ. ಕ್ಯಾಲಿಫೋರ್ನಿಯಾದ ಗಮ್ಮಿ ಡಬ್ಬಿಯನ್ನು ಕೈಯಲ್ಲಿ ಹಿಡಿದರೆ ಮೇಲೆ ಒಂದು ಪುಟ್ಟ ತ್ರಿಕೋನ ಕಾಣುತ್ತದೆ. ಒಳಗೆ ಗಾಂಜಾ ಎಲೆ, ಪಕ್ಕದಲ್ಲಿ ಆಶ್ಚರ್ಯಸೂಚಕ, ಕೆಳಗೆ ರಾಜ್ಯದ ಎರಡಕ್ಷರ. ಹಿಂಬದಿಯಲ್ಲಿ ಒಂದು ತುಂಡಿಗೆ 10 ಮಿಲಿಗ್ರಾಂ, ಇಡೀ ಡಬ್ಬಿಗೆ 100 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯೊಳಗಿನ ಅಂಕಿ ಇರಬೇಕು. ಮುಚ್ಚಳ ಒತ್ತಿ ತಿರುಗಿಸಿದರೆ ಮಾತ್ರ ತೆರೆಯುವಂಥದ್ದು. ಡಬ್ಬಿಯಿಂದ ತೆಗೆದು ಬೇರೆ ಡಬ್ಬಕ್ಕೆ ಹಾಕಿಟ್ಟ ಕ್ಷಣ ಇದೆಲ್ಲ ಹೋಯಿತು, ನೋಡಲು ಜೆಲ್ಲಿ ಮಿಠಾಯಿ ಅಷ್ಟೇ. ಊರಿಂದ ಬಂದ ಅಜ್ಜ ಅಜ್ಜಿಗೆ ಅದು ಏನೆಂದು ಹೇಗೆ ತಿಳಿಯಬೇಕು? ತಿಂದದ್ದು ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಏನೂ ಆಗಲಿಲ್ಲ ಅಂತ ಇನ್ನೊಂದು ತಿನ್ನುವುದರಿಂದಲೇ ದೊಡ್ಡವರೂ ಆಸ್ಪತ್ರೆ ಸೇರುತ್ತಾರೆ. ಮಗು ತಿಂದದ್ದು ಗೊತ್ತಾದರೆ ಲಕ್ಷಣಕ್ಕೆ ಕಾಯದೆ ಪಾಯ್ಸನ್ ಕಂಟ್ರೋಲ್ 1-800-222-1222ಕ್ಕೆ ಕರೆ ಮಾಡಿ. ಏಳದಷ್ಟು ಮಂಪರು, ಉಸಿರಾಟ ನಿಧಾನವಾಗಿದ್ದರೆ 911. ಏನು ತಿಂದಿದೆ ಅಂತ ಡಾಕ್ಟರಿಗೆ ಮುಚ್ಚಿಡಬೇಡಿ, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.

ಕಾನೂನುಕಟ್ಟೆ

ಔಷಧಿಪೆಟ್ಟಿಗೆ ಮೇಡಂ ಕಾರ್ಡಿನ ಬಗ್ಗೆ ಹೇಳಿದ್ದು ಅಕ್ಷರಶಃ ಸರಿ. ಈಗ ವೀಸಾ ವಿಷಯ, ಸ್ವಲ್ಪ ಉದ್ದವಾಗುತ್ತೆ.

ವಲಸೆ ಕಾಯ್ದೆ ಪೂರ್ತಿ ಫೆಡರಲ್. ಅದರಲ್ಲಿ ಎರಡು ಬೇರೆ ಬೇರೆ ಬಾಗಿಲುಗಳಿವೆ: ದೇಶದಿಂದ ಹೊರಹಾಕುವುದು ಒಂದು, ದೇಶದೊಳಗೆ ಬಿಡದಿರುವುದು ಇನ್ನೊಂದು. ಹೊರಹಾಕಲು ಸಾಮಾನ್ಯವಾಗಿ ಶಿಕ್ಷೆಯಾಗಿರಬೇಕು, ಅದರಲ್ಲೂ ಸ್ವಂತ ಬಳಕೆಗೆ 30 ಗ್ರಾಂ ಒಳಗಿನ ಗಾಂಜಾ ಇಟ್ಟುಕೊಂಡ ಒಂದೇ ಒಂದು ಪ್ರಕರಣಕ್ಕೆ ವಿನಾಯಿತಿ ಇದೆ. ಈ 30 ಗ್ರಾಂ ಮಾತು ಎಲ್ಲ ಕಡೆ ಓಡಾಡುತ್ತೆ, ಜನ ಅದನ್ನೇ ನಂಬಿ ಕೂರ್ತಾರೆ. ಆದರೆ ಒಳಗೆ ಬಿಡುವ ಬಾಗಿಲಿಗೆ ಆ ವಿನಾಯಿತಿ ಇಲ್ಲ. ಅಲ್ಲಿ ಶಿಕ್ಷೆಯೂ ಬೇಕಿಲ್ಲ, ಅಪರಾಧದ ಅಂಶಗಳನ್ನು ನೀವೇ ಬಾಯಿಬಿಟ್ಟು ಒಪ್ಪಿಕೊಂಡರೆ ಸಾಕು. ಸೇದಿದ್ದೇನೆ, ನನ್ನ ಹತ್ತಿರ ಇತ್ತು, ಅದು ಗಾಂಜಾ ಅಂತ ಗೊತ್ತಿತ್ತು ಅಂದರೆ ಫೆಡರಲ್ ಕಾಯ್ದೆಯ ಅಂಶಗಳು ಬಹುಮಟ್ಟಿಗೆ ಮುಗಿದವು. ಅಂಗಡಿಯಲ್ಲಿ ಕೊಂಡದ್ದು, ಕ್ಯಾಲಿಫೋರ್ನಿಯಾದಲ್ಲಿ ಅನ್ನುವುದು ಉತ್ತರವಾಗುವುದಿಲ್ಲ.

ಇದರ ಪೆಟ್ಟು ಯಾವಾಗ ಗೊತ್ತಾಗುತ್ತೆ ಅಂದರೆ, ತಂಗಿ ಮದುವೆಗೆ ಬೆಂಗಳೂರಿಗೆ ಹೋಗಿ ವಾಪಸ್ ಬರುವಾಗ. ಒಂದು ಸಣ್ಣ ಪ್ರಕರಣ ಇದ್ದ ಗ್ರೀನ್ ಕಾರ್ಡ್‌ನವರು ಅಮೆರಿಕದಲ್ಲೇ ಇದ್ದಷ್ಟು ದಿನ ಹೊರಹಾಕುವ ಬಾಗಿಲಿನ ವಿನಾಯಿತಿಯಲ್ಲಿ ಇರುತ್ತಾರೆ. ಹೊರಗೆ ಹೋಗಿ ಬಂದರೆ ಹೊಸದಾಗಿ ಪ್ರವೇಶ ಕೇಳಿದವರ ಹಾಗೆ ನೋಡಬಹುದು, ಆಗ ಎರಡನೇ ಬಾಗಿಲಿನ ನಿಯಮ ಬರುತ್ತೆ. 30 ಗ್ರಾಂ ಒಳಗಿನ ಒಂದೇ ಪ್ರಕರಣಕ್ಕೆ ಮನ್ನಾ ಕೇಳುವ ಅವಕಾಶ ಇದೆ, ಆದರೆ ಅದು ಹಕ್ಕಲ್ಲ, ಎಲ್ಲರಿಗೂ ಅನ್ವಯಿಸುವುದೂ ಇಲ್ಲ.

ವೀಸಾ ಅರ್ಜಿ ಡಿಎಸ್‌-160ರಲ್ಲಿ ನಿಯಂತ್ರಿತ ಪದಾರ್ಥಗಳ ಯಾವುದೇ ಕಾನೂನು ಮುರಿದಿದ್ದೀರಾ ಅಂತ ನೇರ ಪ್ರಶ್ನೆ ಇದೆ. ಗ್ರೀನ್ ಕಾರ್ಡ್‌ನ ವೈದ್ಯಕೀಯ ಪರೀಕ್ಷೆಯಲ್ಲೂ, ಅಂದರೆ ಐ-693 ತುಂಬುವ ಡಾಕ್ಟರ್ ಮುಂದೆ, ಈ ಪ್ರಶ್ನೆ ಬರುತ್ತದೆ. ಬಳಕೆಯ ತೊಂದರೆ ಇದೆ ಅಂತ ಅಲ್ಲಿ ತೀರ್ಮಾನವಾದರೆ 12 ತಿಂಗಳು ಬಿಟ್ಟಿದ್ದು ತೋರಿಸುವ ತನಕ ಅರ್ಜಿ ಮುಂದೆ ಹೋಗಲ್ಲ. ಪೌರತ್ವಕ್ಕೆ ಅರ್ಜಿ ಹಾಕುವವರಿಗೆ ಫೆಡರಲ್ ವಲಸೆ ಸಂಸ್ಥೆ ಯುಎಸ್‌ಸಿಐಎಸ್ 2019ರ ಏಪ್ರಿಲ್ 19ರಂದು ಸ್ಪಷ್ಟ ಮಾಡಿತು: ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಗಾಂಜಾ ಚಟುವಟಿಕೆ ಸನ್ನಡತೆಗೆ ಅಡ್ಡ ಬರುತ್ತದೆ.

ಹಾಗಂತ ಸುಳ್ಳು ಹೇಳಬೇಡಿ. ಅಧಿಕಾರಿ ಮುಂದೆ ಹೇಳಿದ ಸುಳ್ಳು ಶಾಶ್ವತ ನಿಷೇಧಕ್ಕೆ ದಾರಿ, ಅದು ಗಾಂಜಾಕ್ಕಿಂತ ದೊಡ್ಡ ಪೆಟ್ಟು. ಈ ಹಿಂದೆ ಬಳಸಿದ್ದರೆ ಅರ್ಜಿ ತುಂಬುವ ಮೊದಲೇ ವಲಸೆ ವಕೀಲರ ಹತ್ತಿರ ಹೋಗಿ.

ಹೊಸಗಾಳಿ

ಇದೆಲ್ಲ ಹಳೇ ಕತೆ ಆಗ್ತಿದೆ ಅಲ್ವಾ? 3ನೇ ಪಟ್ಟಿಗೆ ಇಳಿಸ್ತಾರಂತೆ, ಆಮೇಲೆ ಫೆಡರಲ್ ತೊಂದರೆನೂ ಮುಗೀತು.

ಕಾನೂನುಕಟ್ಟೆ

ಇಲ್ಲ. 2024ರ ಮೇನಲ್ಲಿ ನ್ಯಾಯ ಇಲಾಖೆ ಆ ಪ್ರಸ್ತಾವ ಪ್ರಕಟಿಸಿತು, 2025ರ ಡಿಸೆಂಬರ್‌ನಲ್ಲಿ ಅದನ್ನು ಚುರುಕುಗೊಳಿಸಲು ಅಧ್ಯಕ್ಷರ ಆದೇಶವೂ ಬಂತು, ನಿಜ. ಆದರೆ ವಲಸೆ ಕಾಯ್ದೆ ಕೇಳುವುದು ಪದಾರ್ಥ ನಿಯಂತ್ರಿತವೋ ಅಲ್ಲವೋ ಅಂತ. ಪಟ್ಟಿ 1 ಆಗಲಿ 3 ಆಗಲಿ 5 ಆಗಲಿ, ಎಲ್ಲವೂ ನಿಯಂತ್ರಿತವೇ. ಪಟ್ಟಿ ಬದಲಾದರೆ ಅಂಗಡಿಗಳ ಆದಾಯ ತೆರಿಗೆ ಹಗುರಾಗುತ್ತೆ, ಸಂಶೋಧನೆ ಸುಲಭವಾಗುತ್ತೆ. ಇಮಿಗ್ರೇಷನ್ ಕೌಂಟರಿನಲ್ಲಿ ಏನೂ ಬದಲಾಗಲ್ಲ.

ಹೆಂಪ್ (ಟಿಎಚ್‌ಸಿ ತೀರಾ ಕಡಿಮೆ ಇರುವ ಗಾಂಜಾ ಗಿಡ) ಹೆಸರಲ್ಲಿ ಪೆಟ್ರೋಲ್ ಬಂಕಿನಲ್ಲೂ ಸಿಗುವ ಡೆಲ್ಟಾ-8 (ಟಿಎಚ್‌ಸಿಯ ಇನ್ನೊಂದು ರೂಪ) ಗಮ್ಮಿಗಳ ಬಗ್ಗೆಯೂ ಕೇಳ್ತಾರೆ. 2018ರ ಫಾರ್ಮ್ ಬಿಲ್ ಶೇ. 0.3ರ ಒಳಗೆ ಡೆಲ್ಟಾ-9 ಟಿಎಚ್‌ಸಿ ಇರುವ ಗಿಡವನ್ನು ಪಟ್ಟಿಯಿಂದ ಹೊರಗಿಟ್ಟಿತು, ಆ ಸಂದಿಯಲ್ಲಿ ಇವೆಲ್ಲ ಬಂದವು. 2025ರ ನವೆಂಬರ್‌ನಲ್ಲಿ ಸಹಿಯಾದ ಕಾನೂನು ಅದನ್ನು ಮುಚ್ಚುತ್ತದೆ: ಒಂದು ವರ್ಷದ ನಂತರ ಇಡೀ ಡಬ್ಬಿಗೆ 0.4 ಮಿಲಿಗ್ರಾಂ ಟಿಎಚ್‌ಸಿ ಮೀರುವಂತಿಲ್ಲ.

ಸಾಫ್ಟ್‌ವೇರ್_ಸಂತೆ

ಉದ್ಯೋಗದ ಕಡೆಯಿಂದ ಎರಡು ಮಾತು. ಡಿಸ್ಪೆನ್ಸರಿಗಳಿಗೆ ಬಿಲ್ಲಿಂಗ್, ದಾಸ್ತಾನು, ಡೆಲಿವರಿ ಸಾಫ್ಟ್‌ವೇರ್ ಮಾಡುವ ಕಂಪನಿಗಳಲ್ಲಿ ಕೆಲಸ ಸಿಗುತ್ತೆ, ಸಂಬಳವೂ ಚೆನ್ನಾಗಿರುತ್ತೆ. ಗಾಂಜಾ ಉದ್ಯಮದ ಉದ್ಯೋಗವೂ ಸನ್ನಡತೆಗೆ ಅಡ್ಡಿಯಾಗಬಹುದು ಅಂತ ಕಟ್ಟೆ ಸರ್ ಹೇಳಿದ 2019ರ ಅದೇ ಸೂಚನೆಯಲ್ಲಿದೆ. ನೀವು ಗಾಂಜಾ ಮುಟ್ಟದೆ ಕೋಡ್ ಮಾತ್ರ ಬರೆದರೂ ಆಫರ್‌ಗೆ ಸಹಿ ಹಾಕುವ ಮೊದಲು ಸ್ವಂತ ವಲಸೆ ವಕೀಲರನ್ನು ಕೇಳಿ. ಕಂಪನಿಯ ವಕೀಲರು ಕಂಪನಿಯ ಪರ ಇರುವವರು.

ಮೂತ್ರ ಪರೀಕ್ಷೆ ಪತ್ತೆ ಮಾಡುವುದು ನಶೆಯನ್ನಲ್ಲ, ಟಿಎಚ್‌ಸಿ ಕರಗಿದ ಮೇಲೆ ಉಳಿಯುವ ಅಂಶವನ್ನು. ಅದು ಕೊಬ್ಬಿನಲ್ಲಿ ಕೂತು ನಿಧಾನಕ್ಕೆ ಹೊರಬರುತ್ತದೆ, ನಿತ್ಯ ಬಳಸುವವರಲ್ಲಿ ವಾರಗಟ್ಟಲೆ ಕಾಣುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2024ರ ಜನವರಿ 1ರಿಂದ ಈ ಅಂಶ ಒಂದನ್ನೇ ನೋಡಿ ಕೆಲಸದಿಂದ ತೆಗೆಯುವಂತಿಲ್ಲ, ಆದರೆ ಕಟ್ಟಡ ನಿರ್ಮಾಣ ಮತ್ತು ಫೆಡರಲ್ ಕ್ಲಿಯರೆನ್ಸ್ ಬೇಕಾದ ಹುದ್ದೆಗಳಿಗೆ ಆ ರಕ್ಷಣೆ ಇಲ್ಲ. ಕೊಲೊರಾಡೊದಲ್ಲಿ ಉಲ್ಟಾ. ಗಾಲಿಕುರ್ಚಿಯಲ್ಲಿದ್ದು ವೈದ್ಯಕೀಯ ಕಾರ್ಡ್ ಹೊಂದಿದ್ದ ಬ್ರಾಂಡನ್ ಕೋಟ್ಸ್ ಅವರನ್ನು ಕೆಲಸದಿಂದ ತೆಗೆದದ್ದು ಸರಿ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2015ರಲ್ಲಿ ತೀರ್ಪು ಕೊಟ್ಟಿತು. ಫೆಡರಲ್ ಕಾಯ್ದೆಗೆ ವಿರುದ್ಧವಾದದ್ದನ್ನು ಕಾನೂನುಬದ್ಧ ಚಟುವಟಿಕೆ ಅನ್ನಲಾಗದು ಅನ್ನುವುದು ಕಾರಣ.

ತುಂಗಾತೀರ

ಊರಿಗೆ ಬರುವಾಗ ಬ್ಯಾಗಲ್ಲಿ ಎರಡು ಗಮ್ಮಿ ಉಳಿದಿದ್ದರೆ? ನಮ್ಮ ಹೈಕೋರ್ಟೇ ಭಂಗಿ ಅಪರಾಧ ಅಲ್ಲ ಅಂದಿದೆಯಲ್ಲ.

ಕಾನೂನುಕಟ್ಟೆ

ಎರಡನ್ನೂ ಬೆರೆಸಬೇಡಿ. ಭಾರತದ ಮಾದಕವಸ್ತು ಕಾಯ್ದೆ, ಅಂದರೆ 1985ರ ಎನ್‌ಡಿಪಿಎಸ್ ಕಾಯ್ದೆಯ ವ್ಯಾಖ್ಯೆಯಲ್ಲಿ ಗಾಂಜಾ ಅಂದರೆ ಹೂವು ಅಥವಾ ಕಾಯಿ ಬಿಟ್ಟ ತುದಿ, ಅದರ ಜೊತೆಗಿಲ್ಲದ ಬರೀ ಎಲೆ, ಬೀಜ ಅದಕ್ಕೆ ಸೇರಲ್ಲ. 2022ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಆದೇಶದಲ್ಲಿ ಹೇಳಿದ್ದು ಎಲೆಯಿಂದ ಮಾಡುವ ಭಂಗಿನ ಬಗ್ಗೆ. ಗಮ್ಮಿಯಲ್ಲಿ ಇರುವುದು ತೆಗೆದ ಟಿಎಚ್‌ಸಿ, ಎಲೆ ಅಲ್ಲ. ಕೆಂಪೇಗೌಡ ನಿಲ್ದಾಣದಲ್ಲಿ ಅದು ಸಿಕ್ಕರೆ ಬರೀ ಇಟ್ಟುಕೊಂಡದ್ದಲ್ಲ, ಆಮದು, ಸೆಕ್ಷನ್ 23. ಸಣ್ಣ ಪ್ರಮಾಣಕ್ಕೂ ಒಂದು ವರ್ಷದ ತನಕ ಕಠಿಣ ಸಜೆ, 10,000 ರೂಪಾಯಿ ತನಕ ದಂಡ, ಅಥವಾ ಎರಡೂ. ಧಾರವಾಡದವರು ಹೇಳಿದ ಒಟ್ಟು ತೂಕದ ಲೆಕ್ಕ ಇಲ್ಲೂ ಇದೆ: ಮಿಶ್ರಣದ ಪೂರ್ತಿ ತೂಕವನ್ನೇ ಎಣಿಸಬೇಕು ಅಂತ 2020ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೀರಾ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಬೇಏರಿಯಾ_ಬೆಳಗು

ಕೊನೆಯ ಪ್ರಶ್ನೆ. ಆಗಬಾರದ್ದು ಆಗಿಹೋಯಿತು, ಪೊಲೀಸರು ಕಾರು ನಿಲ್ಲಿಸಿದರು ಅಂತಿಟ್ಟುಕೊಳ್ಳಿ. ಆಗ?

ಕಾನೂನುಕಟ್ಟೆ

ಲೈಸೆನ್ಸ್, ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಕೊಡಿ. ಎಲ್ಲಿ ಸೇದಿದಿರಿ, ಎಷ್ಟು ಹೊತ್ತಾಯಿತು ಅನ್ನುವ ಪ್ರಶ್ನೆಗೆ "ವಕೀಲರಿಲ್ಲದೆ ಉತ್ತರಿಸುವುದಿಲ್ಲ" ಅಂತ ಸೌಜನ್ಯದಿಂದ ಹೇಳಿ. ಹುಡುಕಲು ಒಪ್ಪಿಗೆ ಕೇಳಿದರೆ ಒಪ್ಪುವುದಿಲ್ಲ ಅನ್ನಿ, ಆದರೆ ಕೈ ಅಡ್ಡ ಹಾಕಬೇಡಿ. ನಶೆಯಲ್ಲಿ ಓಡಿಸಿದ್ದು ಎಲ್ಲ ರಾಜ್ಯದಲ್ಲೂ ಅಪರಾಧ. ವಾಷಿಂಗ್ಟನ್‌ನಲ್ಲಿ ರಕ್ತದ ಒಂದು ಮಿಲಿಲೀಟರಿಗೆ 5 ನ್ಯಾನೊಗ್ರಾಂ ಟಿಎಚ್‌ಸಿ ಇದ್ದರೆ ಅಷ್ಟೇ ಸಾಕು, ಕ್ಯಾಲಿಫೋರ್ನಿಯಾದಲ್ಲಿ ಅಂಥ ಅಂಕಿ ಇಲ್ಲ, ಅಧಿಕಾರಿ ಕಂಡದ್ದೇ ಮುಖ್ಯ ಸಾಕ್ಷಿ. ಬಂಧನವಾದರೆ ಶಿಕ್ಷೆಯಾಗುವ ಮೊದಲೇ ಕಾನ್ಸುಲೇಟ್ ವೀಸಾ ರದ್ದು ಮಾಡಬಹುದು.

ಆಮೇಲೆ ಕೋರ್ಟು. ಇಲ್ಲಿ ಆತುರಕ್ಕೆ ತಪ್ಪೊಪ್ಪಿಗೆ ಕೊಡಬೇಡಿ. ದಂಡ ಕಟ್ಟಿ ಕೈತೊಳೆದುಕೊಳ್ಳಿ ಅಂತ ಯಾರಾದರೂ ಹೇಳಿದರೆ, ಒಪ್ಪಿಗೆ ಪ್ಲಸ್ ಯಾವುದೇ ದಂಡನೆ ವಲಸೆ ಕಾಯ್ದೆಗೆ ಶಿಕ್ಷೆಯೇ ಅಂತ ನೆನಪಿರಲಿ. ರಾಜ್ಯ ನಂತರ ದಾಖಲೆ ಅಳಿಸಿದರೂ ಅದು ಸಾಮಾನ್ಯವಾಗಿ ಉಳಿಯುತ್ತದೆ. ಟೆಕ್ಸಸ್‌ನ ಡಿಫರ್ಡ್ ಅಡ್ಜುಡಿಕೇಷನ್‌ನಲ್ಲಿ (ತೀರ್ಪು ಮುಂದೂಡಿ ನಿಗಾದಲ್ಲಿಡುವ ವ್ಯವಸ್ಥೆ) ಮೊದಲು ಒಪ್ಪಿಗೆ ಅಥವಾ ಪ್ರತಿರೋಧವಿಲ್ಲ ಅನ್ನುವ ಹೇಳಿಕೆ ಕೊಡಬೇಕು, ಅಲ್ಲೇ ಸಿಕ್ಕಿಬೀಳುತ್ತೀರಿ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ತಪ್ಪೊಪ್ಪಿಗೆ ಇಲ್ಲದ ಡೈವರ್ಷನ್ (ವಿಚಾರಣೆ ತಡೆಹಿಡಿದು ಕಾರ್ಯಕ್ರಮವೊಂದಕ್ಕೆ ಕಳಿಸುವುದು) ಇದೆ, ಅದು ಮುಗಿಸಿದರೆ ಶಿಕ್ಷೆ ಅನ್ನಿಸಿಕೊಳ್ಳುವುದಿಲ್ಲ. ವಕೀಲರನ್ನು ಮೊದಲ ದಿನವೇ ಕೇಳಬೇಕಾದ್ದು ಇದನ್ನು.

ಕೇಳುವುದು ನಿಮ್ಮ ಹಕ್ಕು ಕೂಡ. ಹೊಸೆ ಪಡಿಲ್ಲ ನಲವತ್ತು ವರ್ಷಕ್ಕೂ ಮೀರಿ ಗ್ರೀನ್ ಕಾರ್ಡ್ ಮೇಲಿದ್ದವರು, ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಪರ ದುಡಿದವರು. ಟ್ರಕ್‌ನಲ್ಲಿ ಗಾಂಜಾ ಸಾಗಿಸಿದ ಪ್ರಕರಣದಲ್ಲಿ, ಇಷ್ಟು ವರ್ಷ ಇಲ್ಲಿದ್ದೀರಿ, ವಲಸೆ ಬಗ್ಗೆ ಚಿಂತೆ ಬೇಡ ಅಂದ ವಕೀಲರ ಮಾತು ನಂಬಿ ತಪ್ಪೊಪ್ಪಿಕೊಂಡರು. ಹೊರಹಾಕುವ ಪ್ರಕ್ರಿಯೆ ಎದುರಾಯಿತು. 2010ರ ಮಾರ್ಚ್ 31ರಂದು ಸುಪ್ರೀಂ ಕೋರ್ಟ್ ಹೇಳಿತು: ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯ ಇದೆಯೇ ಅಂತ ಕಕ್ಷಿದಾರರಿಗೆ ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯ. ಆದ್ದರಿಂದ ಮೊದಲ ಭೇಟಿಯಲ್ಲೇ ಪಾಸ್‌ಪೋರ್ಟ್, ಐ-94 (ಪ್ರವೇಶದ ದಾಖಲೆ), ಐ-797 (ವಲಸೆ ಅರ್ಜಿಗೆ ಬಂದ ಸೂಚನಾ ಪತ್ರ) ಮೂರನ್ನೂ ವಕೀಲರ ಮೇಜಿನ ಮೇಲಿಡಿ, ಉತ್ತರ ಬರಹದಲ್ಲಿ ಕೇಳಿ.